ಪ್ರತಿಜ್ಞೆ ಮೇ 31ಕ್ಕೆ, ಪರೀಕ್ಷೆ ಆಗಸ್ಟ್ 1ಕ್ಕೆ

ಮಾನ್ಯ ಸಂಪಾದಕರೇ,

ಇನ್ನು ಕೆಲವೇ ದಿನಗಳಲ್ಲಿ ಮೇ 31, ವಿಶ್ವ ತಂಬಾಕು ರಹಿತ ದಿನ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಸಭೆಗಳಾಗುತ್ತವೆ. ಬಲಗೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸುತ್ತಾರೆ, ಮರುದಿನ ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ಭಾಷಣದಲ್ಲಿ ಎರಡು ಮಾತು ತಪ್ಪುವುದಿಲ್ಲ: ‘ಮನಸ್ಸು ಗಟ್ಟಿ ಮಾಡಿ’, ‘21 ದಿನ ತಡೆದುಕೊಂಡರೆ ಹೊಸ ಅಭ್ಯಾಸವಾಗುತ್ತದೆ’. ಒಳ್ಳೆಯ ಮನಸ್ಸಿನಿಂದ ಆಡಿದ ಈ ಎರಡು ಮಾತುಗಳೇ ಮುಂದೆ ಜನರ ಕಾಲಿಗೆ ತೊಡರುತ್ತವೆ. 22ನೇ ದಿನ ಕೈ ಮತ್ತೆ ಎಲೆಸಂಚಿಗೆ ಹೋದಾಗ ಆ ಮನುಷ್ಯ ‘ಹೇಳಿದವರ ಲೆಕ್ಕ ತಪ್ಪಿತ್ತು’ ಅಂದುಕೊಳ್ಳುವುದಿಲ್ಲ. ‘ನನ್ನ ಕೈಲಿ ಆಗುವಂಥದ್ದಲ್ಲ’ ಅಂದುಕೊಳ್ಳುತ್ತಾನೆ. ಪ್ರಯತ್ನ ಅಲ್ಲಿಗೆ ನಿಲ್ಲುತ್ತದೆ.

ಈ 21ರ ಹುಟ್ಟೇ ಬೇರೆ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಬರೆದರು. ಬಾಯಿಂದ ಬಾಯಿಗೆ ಬರುತ್ತ ‘ಕನಿಷ್ಠ’ ಉದುರಿಹೋಯಿತು, ಮುಖದ ಮಾತು ಎಲ್ಲ ಅಭ್ಯಾಸಗಳ ಮಾತಾಯಿತು. ನಿಜವಾಗಿ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನ, ತಲಾ ಒಂದೇ ಹೊಸ ಅಭ್ಯಾಸ, 12 ವಾರ. ಅದು ತನ್ನಷ್ಟಕ್ಕೆ ನಡೆಯುವ ಹಂತಕ್ಕೆ ಬರಲು ನಡುಮಟ್ಟದ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254 ದಿನದವರೆಗೂ ಹೋಯಿತು. ಅದೇ ಅಧ್ಯಯನದ ಇನ್ನೊಂದು ಮಾತನ್ನು ಯಾವ ವೇದಿಕೆಯೂ ಹೇಳುವುದಿಲ್ಲ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಅದೂ ಹಣ್ಣು ತಿನ್ನುವುದು, ನೀರು ಕುಡಿಯುವುದು, ನಡೆಯುವುದು ಇಂಥವುಗಳ ಲೆಕ್ಕ. ನಿಕೋಟಿನ್ ಬಿಡುವುದು ಅದಕ್ಕಿಂತ ಕಷ್ಟದ ಕೆಲಸ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಪ್ರಶ್ನೆ ಕವಳದ್ದು, ಅಂದರೆ ಎಲೆಯಡಿಕೆಯದ್ದು. ಬೀಡಿಯನ್ನು ಚಟ ಅನ್ನುತ್ತೇವೆ, ಕವಳವನ್ನು ಮರ್ಯಾದೆ ಅನ್ನುತ್ತೇವೆ. ಬಂದವರಿಗೆ ಆಸರಿ (ಕುಡಿಯಲು ಏನಾದರೂ) ಕೊಟ್ಟು ಕವಳದ ಬಟ್ಟಲು ಮುಂದಿಡದಿದ್ದರೆ ಮನೆಯವರಿಗೇ ಸಮಾಧಾನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ತಂಬಾಕಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಅಡಿಕೆಯನ್ನೇ ನಂಬಿದ ಸೀಮೆಯಲ್ಲಿ ಇದನ್ನು ಹೇಳುವುದು ಯಾರಿಗೂ ಹಿತವಲ್ಲ. ಆದರೆ ಬಾಯಲ್ಲಿ ಮೂರು ಬೆರಳು ನಿಲ್ಲಿಸಿ ತೂರಿಸುವಷ್ಟು ದವಡೆ ತೆರೆಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ ಈ ಪತ್ರವನ್ನು ಓದಿ ಮುಗಿಸುವುದಕ್ಕಿಂತ ದಂತವೈದ್ಯರಲ್ಲಿಗೆ ಹೋಗುವುದು ಮೊದಲಾಗಬೇಕು.

ಬಿಡುವ ಮನಸ್ಸು ಮಾಡಿದವರು ಮೊದಲ ಏಳು ದಿನ ಏನನ್ನೂ ಬಿಡಬೇಡಿ. ನೋಡಿ, ಅಷ್ಟೆ. ಗೋಡೆಯ ಕ್ಯಾಲೆಂಡರಿಗೆ ಒಂದು ಪೆನ್ಸಿಲ್ ಕಟ್ಟಿ. ಪ್ರತಿ ಕವಳಕ್ಕೆ ಒಂದು ಗೀಟು, ಪಕ್ಕದಲ್ಲಿ ಎರಡೇ ಶಬ್ದ: ಎಲ್ಲಿ, ಯಾವುದರ ನಂತರ. ‘ಜಗಲಿ, ಊಟ’. ‘ತೋಟ, ದಣಿವು’. ‘ಬಸ್‌ಸ್ಟ್ಯಾಂಡ್, ಬೇಜಾರು’. ಸಂಖ್ಯೆ ನೋಡಿ ನಾಚಬೇಕಾಗಿಲ್ಲ, ಕಡಿಮೆ ಬರೆಯಲೂ ಬೇಡಿ.

ಊಟವಾಗಿ ಕೈ ತೊಳೆದು ಜಗಲಿಗೆ ಬಂದು ಕೂತವರ ಕೈಯನ್ನೊಮ್ಮೆ ಗಮನಿಸಿ. ಪಕ್ಕದವರ ಜೊತೆ ಮಾತು ನಡೆದೇ ಇರುತ್ತದೆ. ಬೆರಳು ಎಲೆಯ ತೊಟ್ಟು ಮುರಿಯುತ್ತದೆ, ಎಲೆಯನ್ನು ಪಂಚೆಗೆ ಒರೆಸಿ ಮಗುಚುತ್ತದೆ, ತುದಿಬೆರಳು ಬೆನ್ನಿಗೆ ಸುಣ್ಣ ಸವರುತ್ತದೆ, ಅಡಿಕೆಯ ಹೋಳು ಬಾಯಿಗೆ ಬೀಳುತ್ತದೆ. ಕೊನೆಗೆ ತಂಬಾಕಿನ ಎಸಳೊಂದು ಚಿವುಟಿ ಅಂಗೈಯಲ್ಲಿ ತಿಕ್ಕುತ್ತದೆ. ಅಷ್ಟು ಹೊತ್ತೂ ಕಣ್ಣು ಅಂಗಳದ ಕಡೆ. ಐದಾರು ಕೆಲಸ ಸಾಲಾಗಿ ಮುಗಿದರೂ ಮನಸ್ಸಿಗೆ ಸುದ್ದಿಯೇ ಇಲ್ಲ. ಮೈಂಡ್‌ಫುಲ್‌ನೆಸ್ ಎಂದು ಈಗ ಎಲ್ಲರೂ ಹೇಳುವ ಸಾವಧಾನ ಈ ಸುದ್ದಿಯನ್ನು ಮನಸ್ಸಿಗೆ ಮುಟ್ಟಿಸುವ ಕೆಲಸ. ಬೌದ್ಧರ ‘ಸತಿ’ಯಿಂದ (ಪಾಲಿ ಭಾಷೆಯಲ್ಲಿ ಎಚ್ಚರ, ಸ್ಮೃತಿ) ಬಂದ ಪದ್ಧತಿ ಇದು, ನಮ್ಮ ಮುಂಡಗೋಡಿನ ಟಿಬೆಟನ್ ಮಠಗಳಲ್ಲಿ ನಿತ್ಯದ ಸಾಧನೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಅದನ್ನು ಆಸ್ಪತ್ರೆಯ ರೋಗಿಗಳಿಗಾಗಿ ಎಂಟು ವಾರದ ತರಬೇತಿಯ ರೂಪಕ್ಕೆ ತಂದರು. ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂರಬೇಕೆಂದೇನಿಲ್ಲ. ತೊಟ್ಟು ಮುರಿಯುವ ಹೊತ್ತಿಗೆ ‘ಕೈ ಹೊರಟಿತು’ ಎಂದು ಗೊತ್ತಾದರೆ ಅರ್ಧ ದಾರಿ ಸಾಗಿದಂತೆ.

ವಾರದ ಗೀಟುಗಳನ್ನು ನೋಡಿದರೆ ಕವಳ ಹಾಕಿಸುವ ಹೊತ್ತುಗಳು ನಾಲ್ಕೈದೇ ಎಂಬುದು ಕಾಣುತ್ತದೆ. ನಿಲ್ಲಿಸುವ ದಿನವೊಂದನ್ನು ಗೊತ್ತುಮಾಡಿ, ಅದಕ್ಕೆ ಮೊದಲೇ ಆ ಒಂದೊಂದು ಹೊತ್ತಿಗೂ ಬದಲಿ ಕೆಲಸ ಹುಡುಕಿಡಿ. ‘ಇನ್ನು ಹಾಕುವುದಿಲ್ಲ’ ಎಂಬುದರಲ್ಲಿ ಕೈಗೆ ಕೆಲಸವಿಲ್ಲ. ಖಾಲಿ ಕೈ ಹಳೆಯ ದಾರಿಯನ್ನೇ ಹಿಡಿಯುತ್ತದೆ. ‘ಊಟವಾಗಿ ಕೈ ತೊಳೆದ ಕೂಡಲೇ ಬಾಯಿ ಮುಕ್ಕಳಿಸಿ, ಒಂದು ಏಲಕ್ಕಿ ಬಾಯಿಗೆ ಹಾಕಿ, ಜಗಲಿಗೆ ಹೋಗದೆ ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ಹಾಕುತ್ತೇನೆ’: ಹೀಗೆ ಹೊತ್ತು, ಜಾಗ, ಕೆಲಸ ಮೂರೂ ಸೇರಿರಬೇಕು. ಹೀಗಾದಾಗ ಹೀಗೆ ಎಂಬ ಇಂಥ ಯೋಜನೆ ಬರೀ ಸಂಕಲ್ಪಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಏಲಕ್ಕಿ ಬೇಡವಾದರೆ ಲವಂಗ, ಓಮ, ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿಕಾಯಿ. ನೆಂಟರ ಮನೆಗೆ ಹೋಗುವ ಮೊದಲೇ ಒಂದು ವಾಕ್ಯ ಸಿದ್ಧವಿರಲಿ: ‘ಬಾಯಿಗೆ ಔಷಧ ನಡೀತಾ ಇದೆ, ಏಲಕ್ಕಿ ಇದ್ದರೆ ಕೊಡಿ’. ಬಟ್ಟಲು ಮುಂದೆ ಬಂದಾಗ ಯೋಚಿಸುವಷ್ಟು ಪುರುಸೊತ್ತು ಸಿಗುವುದಿಲ್ಲ.

ಮೊದಲ ಎರಡು ಮೂರು ದಿನ ಜೋರು. ತಲೆನೋವು, ಸಿಡುಕು, ನಿದ್ದೆಗೇಡು, ಮಲಬದ್ಧತೆ ಎಲ್ಲ ಬರಬಹುದು. ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಇವು ದೇಹದಿಂದ ನಿಕೋಟಿನ್ ಇಳಿಯುವ ಲಕ್ಷಣಗಳು, ಮನೋಬಲ ಕಡಿಮೆಯಾಗಿದ್ದರ ಗುರುತಲ್ಲ. ವೈದ್ಯರನ್ನು ಕೇಳಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಬಳಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಕವಳ ಹಾಕಿ ರೂಢಿಯಿದ್ದವರು ಅದನ್ನೂ ಕವಳದಂತೆ ಒಂದೇ ಸಮ ಅಗಿಯುತ್ತಾರೆ, ರಸ ಹೊಟ್ಟೆಗಿಳಿದು ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಶುರುವಾಗುತ್ತದೆ, ‘ನನಗೆ ಆಗಿಬರಲಿಲ್ಲ’ ಎಂದು ಬಿಡುತ್ತಾರೆ. ನಾಲ್ಕೈದು ಸಲ ನಿಧಾನಕ್ಕೆ ಅಗಿದು, ಖಾರ ಹತ್ತಿದ ಕೂಡಲೇ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಕಾಲು ಗಂಟೆ ಮೊದಲು ಚಹಾ, ಕಾಫಿ ಬೇಡ.

ಆಸೆ ಬಂದಾಗ ಅದನ್ನು ಹತ್ತಿಕ್ಕಲು ಹೋಗಬೇಡಿ. ಎದುರು ಬರುವ ಅಲೆಯನ್ನು ನಮ್ಮ ಮೀನುಗಾರರು ತಳ್ಳಲು ಹೋಗುವುದಿಲ್ಲ, ಬೆನ್ನು ತಿರುಗಿಸುವುದೂ ಇಲ್ಲ. ದೋಣಿಯ ಮೂತಿಯನ್ನು ಅಲೆಗೆ ನೇರ ಹಿಡಿದು ಏರಿ ಇಳಿಯುತ್ತಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್ ವ್ಯಸನಿಗಳಿಗೆ ಕಲಿಸಿದ್ದು ಇದನ್ನೇ. ಆಸೆ ದೇಹದಲ್ಲಿ ಎಲ್ಲಿದೆ ನೋಡಿ: ನಾಲಿಗೆಯ ಬುಡದಲ್ಲೇ, ದವಡೆಯ ಮೂಲೆಯಲ್ಲೇ, ನೀರೂರುವ ಕೆನ್ನೆಯಲ್ಲೇ? ನಿಧಾನಕ್ಕೆ ಮೂವತ್ತು ಉಸಿರು ಎಣಿಸಿ. ಮೂರು ನಾಲ್ಕು ನಿಮಿಷವಾಗುತ್ತದೆ, ಅಷ್ಟರಲ್ಲಿ ಹೆಚ್ಚಿನ ಅಲೆಗಳು ನೆತ್ತಿ ದಾಟಿರುತ್ತವೆ. ಮಾರ್ಲಟ್ ಮತ್ತು ಸಾರಾ ಬೋವೆನ್ 2009ರಲ್ಲಿ ಸಿಗರೇಟು ಸೇದುವ ಕಾಲೇಜು ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಟ್ಟಾಗ ಅವರ ಆಸೆಯೇನೂ ಇತರರಿಗಿಂತ ಕಡಿಮೆಯಾಗಲಿಲ್ಲ, ಆದರೆ ಮುಂದಿನ ಏಳು ದಿನಗಳಲ್ಲಿ ಸೇದಿದ್ದು ಕಡಿಮೆ. ‘ಇನ್ನೂ ಆಸೆ ಬರುತ್ತದಲ್ಲ’ ಎಂದು ಕುಗ್ಗುವವರು ಇದನ್ನು ನೆನಪಿಡಬೇಕು. ಆಸೆ ಇದ್ದೂ ಹಾಕದಿರಬಹುದು.

ಈಗ ಈ ಪತ್ರ ಬರೆಯಲು ಕಾರಣವಾದ ಮಾತಿಗೆ ಬರುತ್ತೇನೆ. ಒಂದಲ್ಲ ಒಂದು ದಿನ ತಪ್ಪುತ್ತದೆ. ಮದುವೆ ಮನೆಯಲ್ಲೋ, ರಾತ್ರಿಯ ಯಕ್ಷಗಾನದ ಆಟದಲ್ಲಿ ಎರಡನೇ ಪ್ರಸಂಗ ಶುರುವಾಗುವ ಹೊತ್ತಿಗೋ ಒಂದು ಕವಳ ಬಾಯಿಗೆ ಬೀಳುತ್ತದೆ. ಆ ಒಂದು ಕವಳದಿಂದ ಪ್ರಯತ್ನ ಕೆಡುವುದಿಲ್ಲ. ಅದರ ನಂತರದ ಹತ್ತು ನಿಮಿಷದಲ್ಲಿ ಕೆಡುತ್ತದೆ. ‘ಥೂ, ನನ್ನ ಹಣೆಬರಹವೇ ಇಷ್ಟು’ ಎಂಬ ಬೈಗುಳ ಶುರುವಾಗುತ್ತದೆ. ಬೈಸಿಕೊಂಡ ಮನಸ್ಸಿಗೆ ನೋವು, ಆ ನೋವಿಗೆ ಇಷ್ಟು ವರ್ಷ ಗೊತ್ತಿದ್ದ ಮದ್ದು ಕವಳವೇ. ಹೀಗಾಗಿ ಎರಡನೆಯದು ಬೀಳುತ್ತದೆ, ‘ಹೇಗೂ ಕೆಟ್ಟಿತಲ್ಲ’ ಎಂದು ಮೂರನೆಯದೂ ಬೀಳುತ್ತದೆ. ಒಂದು ಜಾರುವಿಕೆಯನ್ನು ಪೂರ್ತಿ ಸೋಲು ಮಾಡುವ ಈ ಸುಳಿಯನ್ನು ಮೊದಲು ವಿವರಿಸಿದವರಲ್ಲೂ ಮಾರ್ಲಟ್ ಒಬ್ಬರು.

ತನ್ನ ಮೇಲೆ ತಾನು ಕರುಣೆ ತೋರುವುದನ್ನು ನಮ್ಮಲ್ಲಿ ಸಡಿಲು ಎಂದು ತಿಳಿಯುತ್ತಾರೆ. ಟೆಕ್ಸಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಇದರಲ್ಲಿ ಮೂರು ಅಂಶ ಗುರುತಿಸಿದ್ದಾರೆ, ಮೂರನ್ನೂ ಮೂರು ವಾಕ್ಯ ಮಾಡಿಕೊಂಡು ಬಾಯಿಪಾಠ ಮಾಡಬಹುದು. ‘ಈಗ ಬೇಜಾರಾಗಿದೆ, ಕವಳ ಹಾಕಿದೆ’: ಆದದ್ದನ್ನು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂಬಂತೆ ನೋಡುವುದು. ‘ಬಿಡಲು ಹೊರಟ ಎಲ್ಲರಿಗೂ ಇದು ಆಗುತ್ತದೆ’: ತಾನೊಬ್ಬನೇ ಕೆಟ್ಟವನಲ್ಲ ಎಂಬ ನೆನಪು. ‘ಪಕ್ಕದ ಮನೆಯ ಹುಡುಗ ಹೀಗೆ ಮಾಡಿ ಬಂದು ಹೇಳಿದ್ದರೆ ಏನನ್ನುತ್ತಿದ್ದೆನೋ ಅದನ್ನೇ ನನಗೂ ಹೇಳಿಕೊಳ್ಳುತ್ತೇನೆ’: ಇದು ಕರುಣೆ. ಅಂಗೈಯನ್ನು ಎದೆಯ ಮೇಲಿಟ್ಟು ಹೇಳಿಕೊಂಡರೆ ಹಲವರಿಗೆ ಮನಸ್ಸು ಬೇಗ ತಣಿಯುತ್ತದೆ. ಇಷ್ಟಾದ ಕೂಡಲೇ ಕೇಳಬೇಕಾದ ಪ್ರಶ್ನೆಯೊಂದಿದೆ, ಅದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ: ‘ಯಾವ ಹೊತ್ತಿಗೆ ನನ್ನಲ್ಲಿ ಯೋಜನೆ ಇರಲಿಲ್ಲ?’ ಉತ್ತರವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ‘ಇರಲಿ ಬಿಡು’ ಅನ್ನುವುದಕ್ಕೂ ಕರುಣೆಗೂ ಇರುವ ವ್ಯತ್ಯಾಸ ಈ ಪ್ರಶ್ನೆಯಲ್ಲಿದೆ. ‘ಇರಲಿ ಬಿಡು’ ಕಡತ ಮುಚ್ಚುತ್ತದೆ, ಕರುಣೆ ಹೆದರಿಕೆಯಿಲ್ಲದೆ ಕಡತ ತೆರೆಯಲು ಬಿಡುತ್ತದೆ.

ಇದು ಬರೀ ಉಪದೇಶವಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದಂತೆ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೇ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ, ಕಷ್ಟದ ಪರೀಕ್ಷೆಯಲ್ಲಿ ಸೋತ ಮೇಲೆ ತಮ್ಮೊಡನೆ ಕರುಣೆಯಿಂದ ಇರಲು ಸೂಚನೆ ಪಡೆದವರು ಮುಂದಿನದಕ್ಕೆ ಹೆಚ್ಚು ಹೊತ್ತು ಓದಿದರು. ಶಾಲೆ ಶುರುವಾಗುವ ಈ ಹೊತ್ತಿನಲ್ಲಿ ತಂದೆತಾಯಂದಿರೂ ಇದನ್ನು ಗಮನಿಸಲಿ.

ಕ್ಯಾಲೆಂಡರಿನಲ್ಲಿ ಸತತ ದಿನಗಳ ಸರಪಳಿ ಎಣಿಸಬೇಡಿ, ತಿಂಗಳ ಒಟ್ಟು ಎಣಿಸಿ. 30ರಲ್ಲಿ 26 ಎಂದರೆ ಮುಂದಿನ ತಿಂಗಳು ದಾಟಬೇಕಾದ ಸಂಖ್ಯೆ ಕಣ್ಣಮುಂದೆ ಇರುತ್ತದೆ. ಸರಪಳಿ ಎಣಿಸಿದವರಿಗೆ ಒಂದು ದಿನ ತಪ್ಪಿದರೆ ಉಳಿಯುವುದು ಸೊನ್ನೆ. ಹಾಗೆಯೇ ತಂಬಾಕು ಬಿಡುವುದು, ಬೆಳಗಿನ ನಡಿಗೆ, ಸಕ್ಕರೆ ಬಿಡುವುದು ಮೂರನ್ನೂ ಒಂದೇ ದಿನ ಹಿಡಿಯಬೇಡಿ.

ಇನ್ನು ನಮ್ಮ ಮಳೆ. ಕಾರವಾರದ ಕಡಲತೀರದಲ್ಲಿ ನಡೆಯುವವರ ಅಭ್ಯಾಸ ಜೂನ್ ಮೊದಲ ವಾರದಲ್ಲಿ ನಿಂತು ಅಕ್ಟೋಬರಿನವರೆಗೂ ಏಳುವುದಿಲ್ಲ. ಅವರು ಕಟ್ಟಿಕೊಂಡ ಅಭ್ಯಾಸಕ್ಕೆ ತೀರವೇ ಗೂಟವಾಗಿತ್ತು. ‘ಮಳೆ ಬಂದರೆ ಅದೇ ಹೊತ್ತಿಗೆ ಜಗಲಿಯಲ್ಲಿ ಐದು ನಿಮಿಷ’ ಎಂದು ಮೊದಲೇ ಗೊತ್ತುಮಾಡಿದರೆ ಸಾಕು. ಐದೇ ನಿಮಿಷವಾದರೂ ಹೊತ್ತು ಕೈತಪ್ಪುವುದಿಲ್ಲ.

ಬೋಟಿನವರಿಗೆ ಇದು ಇನ್ನೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ, ಯಾಂತ್ರಿಕ ಬೋಟುಗಳು ದಡದಲ್ಲಿರುತ್ತವೆ. ರಾತ್ರಿಯ ನಿದ್ದೆಗೆಡುವ ಕೆಲಸವಿಲ್ಲ, ಬೋಟಿನ ಸಂಗಾತಿಗಳ ಪೊಟ್ಟಣವಿಲ್ಲ. ತಂಬಾಕು ಬಿಡಲು ವರ್ಷದಲ್ಲಿ ಇದಕ್ಕಿಂತ ಅನುಕೂಲದ ಕಾಲವಿಲ್ಲ. ಆದರೆ ದಡದಲ್ಲಿ ಕಲಿತದ್ದು ದಡಕ್ಕೇ ಅಂಟಿರುತ್ತದೆ. ಆಗಸ್ಟ್ 1ಕ್ಕೆ ಡೀಸೆಲ್ ವಾಸನೆ, ಬಲೆ ಎಳೆಯುವ ಹೊತ್ತು, ರಾತ್ರಿ ಎರಡರ ತೂಕಡಿಕೆ ಎಲ್ಲವೂ ಒಟ್ಟಿಗೇ ವಾಪಸು ಬಂದು ಕೈಯನ್ನು ಕರೆಯುತ್ತವೆ. ಬೋಟಿನ ಯೋಜನೆಯನ್ನು ಜುಲೈನಲ್ಲೇ ಮಾಡಿ, ಬೋಟಿನ ಮೇಲೆಯೇ ಕೂತು ಮಾಡಿ: ತೂಕಡಿಕೆಗೆ ಮುಖಕ್ಕೆ ನೀರು ಮತ್ತು ಒಣಶುಂಠಿಯ ಚೂರು, ಜೊತೆಗೆ ಅದೇ ಬೋಟಿನಲ್ಲಿ ಬಿಡಲು ಒಪ್ಪಿದ ಒಬ್ಬ ಸಂಗಾತಿ. ಘಟ್ಟದ ಮೇಲಿನವರಿಗೆ ಇದೇ ಪರೀಕ್ಷೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನಲ್ಲಿ, ರಾತ್ರಿ ಅಡಿಕೆ ಸುಲಿಯುವ ಚಪ್ಪರದಲ್ಲಿ ಬರುತ್ತದೆ.

ಉಸಿರು ಎಣಿಸುವಾಗ ಎದೆ ಬಿಗಿದು ಹೆದರಿಕೆ ಹೆಚ್ಚಿದರೆ ಕಣ್ಣು ತೆರೆದು, ಪಾದ ನೆಲಕ್ಕೂರಿ, ಎಣಿಸುವುದನ್ನು ನಿಲ್ಲಿಸಿ. ಮನಸ್ಸು ತೀರಾ ಕುಸಿದಿದ್ದರೆ ಟೆಲಿ-ಮಾನಸ್ 14416, ತಂಬಾಕು ಬಿಡಲು 1800-11-2356. ಎರಡೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ಮೇ 31ರ ಸಭೆ ನಡೆಸುವವರಲ್ಲಿ ಒಂದು ಕೋರಿಕೆ. ಪ್ರತಿಜ್ಞೆಯ ಜೊತೆ ಪ್ರತಿಯೊಬ್ಬರಿಗೂ ಒಂದು ತಿಂಗಳ ಕ್ಯಾಲೆಂಡರ್ ಹಾಳೆ, ಒಂದು ಪೆನ್ಸಿಲ್ ಕೊಡಿ. ಜೂನ್ 7ಕ್ಕೆ ಅದೇ ಜನರನ್ನು ಮತ್ತೆ ಕರೆದು ಗೀಟು ಓದಿಸಿ, ಬದಲಿ ಕೆಲಸ ಬರೆಯಿಸಿ. 66ನೇ ದಿನ ಆಗಸ್ಟ್ 5ಕ್ಕೆ ಬರುತ್ತದೆ, ಬೋಟುಗಳು ಕಡಲಿಗಿಳಿದ ನಾಲ್ಕೈದು ದಿನಕ್ಕೆ. ಅವತ್ತು ಇನ್ನೊಮ್ಮೆ ಸೇರಿಸಿ, ಬಿಟ್ಟವರನ್ನಷ್ಟೇ ವೇದಿಕೆಗೆ ಕರೆಯದೆ ಜಾರಿದವರನ್ನೂ ಹತ್ತಿರ ಕೂರಿಸಿಕೊಂಡು ‘ಯಾವ ಹೊತ್ತಿಗೆ?’ ಎಂದು ಕೇಳಿ. ತಾವೂ ಆ ದಿನದ ಫೋಟೊಕ್ಕೆ ಪತ್ರಿಕೆಯಲ್ಲಿ ಜಾಗ ಇಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಆಪ್ತ ಸಮಾಲೋಚಕರು, ಕುಮಟಾ