ಕಾದು ಕೂತ ದಿನಕ್ಕೂ ಕೂಲಿ ಬೇಡವೇ?

ಮಾನ್ಯ ಸಂಪಾದಕರೇ,

ಹೋದ ಮಾರ್ಚ್‌ನಲ್ಲಿ ನನ್ನ ನಾರಿನ ಘಟಕದ ಅಂಗಳದಲ್ಲಿ ಒಟ್ಟಿದ್ದ ತೆಂಗಿನ ಮಟ್ಟೆಗೆ ಬೆಂಕಿ ಬಿತ್ತು. ನಮ್ಮ ತುಮಕೂರು ಜಿಲ್ಲೆಯ ತೆಂಗಿನ ಸೀಮೆಯವರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಮಟ್ಟೆಯ ಬೆಂಕಿಯ ಗುಣ ಉಳಿದವರಿಗೆ ಗೊತ್ತಿರಲಾರದು. ಮೇಲಿಂದ ಎಷ್ಟು ನೀರು ಸುರಿದರೂ ಅಡಗುವುದು ಜ್ವಾಲೆ ಮಾತ್ರ. ಒಳಗಿನ ಕೆಂಡ ಹಾಗೆಯೇ ಇರುತ್ತದೆ. ಜೆಸಿಬಿ ತಂದು ಒಟ್ಟಿಲನ್ನು ಪದರ ಪದರವಾಗಿ ಕೆದಕಬೇಕು, ಕೆದಕಿದಷ್ಟಕ್ಕೂ ನೀರು ಹಿಡಿಯಬೇಕು. ಅಷ್ಟರಲ್ಲಿ ಅಗ್ನಿಶಾಮಕ ವಾಹನದ ನೀರು ಮುಗಿದಿರುತ್ತದೆ, ಪಕ್ಕದ ತೋಟದ ಕೊಳವೆ ಬಾವಿಗೆ ಓಡಬೇಕು. ಮಧ್ಯಾಹ್ನ ಎರಡಕ್ಕೆ ಹತ್ತಿದ ಬೆಂಕಿ ಪೂರ್ತಿ ಆರಿದ್ದು ಮರುದಿನ ಹನ್ನೊಂದಕ್ಕೆ.

ವಾಹನದೊಂದಿಗೆ ಬಂದ ಐವರಲ್ಲಿ ಇಬ್ಬರು ಗೃಹರಕ್ಷಕರು. ಅಗ್ನಿಶಾಮಕ ಠಾಣೆಯಲ್ಲಿ ಕೈ ಸಾಲದಾಗ ಫೋನ್ ಮಾಡಿ ಕರೆಸಿಕೊಳ್ಳುವವರು. ಅವರಲ್ಲಿ ಒಬ್ಬನಿಗೆ ಇಪ್ಪತ್ತಾರು, ಇಪ್ಪತ್ತೇಳು ವಯಸ್ಸಿರಬೇಕು. ಕಾಲಿನಲ್ಲಿದ್ದ ಗಂಬೂಟು ಅವನ ಅಳತೆಯದಲ್ಲ. ಕೆಸರಿನಲ್ಲಿ ಹೆಜ್ಜೆ ಕಿತ್ತಾಗಲೆಲ್ಲ ಬೂಟು ಹಿಂದೆಯೇ ಉಳಿಯುತ್ತಿತ್ತು. ರಾತ್ರಿಯೆಲ್ಲ ಪೈಪು ಹಿಡಿದು ನಿಂತಿದ್ದ. ಬೆಳಿಗ್ಗೆ ಚಹಾ ಕೊಟ್ಟು ಐನೂರರ ನೋಟು ಜೇಬಿಗಿಡಲು ಹೋದೆ. ಹಿಂದಕ್ಕೆ ಸರಿದು, "ದುಡ್ಡು ಬೇಡ ಯಜಮಾನರೇ, ನಿನ್ನೆ ಮಧ್ಯಾಹ್ನದಿಂದ ಇಲ್ಲಿದ್ದೆ ಎಂದು ಒಂದು ಚೀಟಿ ಬರೆದುಕೊಡಿ" ಎಂದ. ಅವನು ವೆಲ್ಡಿಂಗ್ ಅಂಗಡಿಯೊಂದರಲ್ಲಿ ದಿನಗೂಲಿಗೆ ಇರುವವನು. ಅರ್ಧ ಬೆಸೆದ ಗೇಟನ್ನು ಬಿಟ್ಟು ಓಡಿ ಬಂದಿದ್ದನಂತೆ. ಅಂಗಡಿಯ ಮಾಲೀಕರಿಗೆ ತೋರಿಸಲು ಚೀಟಿ.

ಗೃಹರಕ್ಷಕ ದಳದ ಧ್ಯೇಯವಾಕ್ಯ 'ನಿಷ್ಕಾಮ ಸೇವೆ' ಎಂದಿದೆ. ಒಳ್ಳೆಯ ಮಾತೇ. ಆದರೆ ದಿನಸಿ ಅಂಗಡಿಯವರು ಆ ಧ್ಯೇಯಕ್ಕೆ ಬದ್ಧರಲ್ಲ. ಕರೆ ಬಂದು ಹಾಜರಾದ ದಿನಕ್ಕೆ ಭತ್ಯೆ ಉಂಟು. ಅದೂ ಕೈ ಸೇರುವಾಗ ಎರಡು ಮೂರು ತಿಂಗಳು ಕಳೆದಿರುತ್ತದೆ ಎಂದು ಆ ಹುಡುಗ ಹೇಳಿದ. ಕರೆ ಬರಬಹುದೆಂದು ಊರು ಬಿಡದೆ ಉಳಿದ ದಿನಗಳಿಗೆ ಏನೂ ಇಲ್ಲ. ಫೆಬ್ರುವರಿಯಿಂದ ಮೇ ತನಕ ಅವನು ಹೆಂಡತಿಯ ತವರಿನ ಜಾತ್ರೆಗೂ ಹೋಗುವಂತಿಲ್ಲ.

ನನ್ನ ಘಟಕಕ್ಕೆ ರಾತ್ರಿ ಕಾವಲುಗಾರನೊಬ್ಬನಿದ್ದಾನೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕಳ್ಳ ಬಂದಿಲ್ಲ, ಆದರೂ ತಿಂಗಳ ಮೊದಲ ವಾರ ಸಂಬಳ ಎಣಿಸಿಕೊಡುತ್ತೇನೆ. ಕಳ್ಳ ಬಂದ ರಾತ್ರಿಗಷ್ಟೇ ಕೂಲಿ ಎಂದು ಹೇಳಿ ನೋಡಲಿ, ಯಾವ ಮನುಷ್ಯ ನಿಲ್ಲುತ್ತಾನೆ? ಲೆಕ್ಕದ ವಿಷಯದಲ್ಲಿ ನಾನು ಧಾರಾಳಿಯೇನಲ್ಲ, ನನ್ನ ಕೆಲಸಗಾರರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಇಷ್ಟು ಸಣ್ಣ ಲೆಕ್ಕ ನನಗೂ ಅರ್ಥವಾಗುತ್ತದೆ.

2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಗೃಹರಕ್ಷಕರನ್ನು ಕಾಯಂ ಮಾಡಲು ಒಪ್ಪದಿದ್ದರೂ, 30 ದಿನದ ಭತ್ಯೆ ಕೂಡಿಸಿದರೆ ಆ ರಾಜ್ಯದ ಪೊಲೀಸರ ಕನಿಷ್ಠ ವೇತನಕ್ಕೆ ಸಮನಾಗುವಂತೆ ದಿನದ ದರ ಇರಬೇಕು ಎಂದು ಹೇಳಿತು. ದರದ ಮಾತು ಸರಿ. ಆದರೆ ಈ ಹುಡುಗನಿಗೆ ತಿಂಗಳಿಗೆ 30 ದಿನ ಕೊಡುವವರು ಯಾರು? ಒಂದು ತಿಂಗಳು ಹನ್ನೆರಡು ದಿನ, ಇನ್ನೊಂದು ತಿಂಗಳು ನಾಲ್ಕು. ಭಾಗಿಸಿದ ದರ ಎಷ್ಟು ಚೆನ್ನಾಗಿದ್ದರೂ ಗುಣಿಸಲು ದಿನಗಳೇ ಇಲ್ಲ.

ನನ್ನ ತಂಗಿಯ ಮಗ ಐರ್ಲೆಂಡಿನ ಸಣ್ಣ ಊರೊಂದರಲ್ಲಿದ್ದಾನೆ. ಅಲ್ಲಿ ದೊಡ್ಡ ನಗರಗಳ ಆಚೆ ಹೆಚ್ಚಿನ ಅಗ್ನಿಶಾಮಕ ಠಾಣೆಗಳು ನಡೆಯುವುದೇ ಹೀಗೆ ಕರೆದಾಗ ಬರುವವರಿಂದ. ಅವನ ಪಕ್ಕದ ಮನೆಯವರು ಕಾರು ರಿಪೇರಿ ಮಾಡುತ್ತಾರೆ. ಸೊಂಟದ ಪೇಜರ್ ಕೂಗಿದರೆ ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟು ಓಡುತ್ತಾರೆ. ವ್ಯತ್ಯಾಸವಿಷ್ಟೇ: ಸಿದ್ಧವಾಗಿರುವುದಕ್ಕೆ ಅವರಿಗೆ ವರ್ಷಕ್ಕಿಷ್ಟೆಂದು ಹಣವಿದೆ, ಕರೆಗೆ ಹೋದ ಗಂಟೆಗಳಿಗೆ ಬೇರೆ ಕೂಲಿ. ಅದೂ ಸಾಲದೆಂದು 2023ರ ಜೂನ್‌ನಲ್ಲಿ ಅವರು ಮುಷ್ಕರ ಹೂಡಿದರು. ನಮ್ಮವರು ಕೇಳುತ್ತಿರುವುದು ಚೀಟಿ.

ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ. 1944ರಲ್ಲಿ ಬಾಂಬೆ ಬಂದರಿನಲ್ಲಿ ಹಡಗು ಸಿಡಿದಾಗ ಜೀವ ತೆತ್ತ ಸಿಬ್ಬಂದಿಯ ನೆನಪಿಗೆ ನಡೆಯುವಂಥದ್ದು. ಶಾಲಾ ಮಕ್ಕಳೆದುರು ನೀರು ಚಿಮ್ಮಿಸಿ ತೋರಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಅದೇ ವಾರ ಆ ಹುಡುಗನ ಬಾಕಿಯೂ ಸಂದಾಯವಾದರೆ ನಾನೂ ಹೋಗಿ ಚಪ್ಪಾಳೆ ತಟ್ಟುತ್ತೇನೆ.

ಬೇಸಿಗೆಯ ನಾಲ್ಕು ತಿಂಗಳಾದರೂ, ಠಾಣೆಯ ಪಟ್ಟಿಯಲ್ಲಿರುವ ಗೃಹರಕ್ಷಕರಿಗೆ ಕರೆ ಬರಲಿ ಬಿಡಲಿ ತಿಂಗಳಿಗೆ ಒಂದು ನಿಗದಿತ ಮೊತ್ತ ಕೊಡಬೇಕು. ಕರೆಗೆ ಹೋದ ದಿನದ ಭತ್ಯೆ ಅದರ ಮೇಲೆ. ಹಣ ಎಲ್ಲಿಂದ ಎಂದು ಕೇಳುವವರಿಗೆ ಒಂದು ಮಾತು: ನಾರಿನ ಘಟಕ, ಕೊಬ್ಬರಿ ಗೋದಾಮು, ಎಣ್ಣೆ ಗಾಣ ಇಟ್ಟುಕೊಂಡ ನಾವೆಲ್ಲ ವರ್ಷವರ್ಷ ಪರವಾನಗಿ ನವೀಕರಿಸುತ್ತೇವೆ. ಆ ಶುಲ್ಕದ ಜೊತೆ ಇದಕ್ಕೆಂದೇ ಸ್ವಲ್ಪ ವಸೂಲಿ ಮಾಡಲಿ. ಗೊಣಗುತ್ತೇವೆ, ಆದರೆ ಕೊಡುತ್ತೇವೆ.

ಅಂದು ಘಟಕದ ಲೆಟರ್‌ಹೆಡ್‌ನಲ್ಲಿ, ಮೊಹರು ಒತ್ತಿ ಚೀಟಿ ಬರೆದುಕೊಟ್ಟೆ. ಅಂಗಡಿಯ ಮಾಲೀಕರು ಓದಿ, ಮಡಿಸಿ ಮೇಜಿನ ಡ್ರಾಯರಿಗೆ ಹಾಕಿಕೊಂಡರಂತೆ. ಒಂದೂವರೆ ದಿನದ ಕೂಲಿಯನ್ನು ಮಾತ್ರ ಹಿಡಿದುಕೊಂಡರು.

– ನಾರಿನ ಘಟಕದ ಮಾಲೀಕ, ತುಮಕೂರು ಜಿಲ್ಲೆ