ಮೊದಲ ಸೆಮಿಸ್ಟರ್‌ಗೆ ಮುನ್ನ ಹಳೆಯ ಗಣಿತ ಗಟ್ಟಿಯಾಗಲಿ

ಮಾನ್ಯ ಸಂಪಾದಕರೇ,

ಪ್ರವೇಶದ ದಿನಗಳು ಬಂತೆಂದರೆ ಯಾವ ಶಾಖೆ ಆರಿಸಿಕೊಳ್ಳಬೇಕು, ಯಾವುದು ಓದಿದರೆ ಬೇಗ ಕೆಲಸ ಸಿಗುತ್ತದೆ ಎಂಬ ಬರಹಗಳು ಪತ್ರಿಕೆಗಳಲ್ಲಿ ಸಾಕಷ್ಟು ಬರುತ್ತವೆ. ಆದರೆ ಸೀಟು ಸಿಕ್ಕ ಮೇಲೆ, ತರಗತಿ ಆರಂಭವಾಗುವ ಮೊದಲು ಉಳಿಯುವ ಕೆಲವು ವಾರಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ ಏನು ಮಾಡಬೇಕು ಎಂಬುದರ ಬಗ್ಗೆ ಬರೆಯುವವರು ಕಡಿಮೆ. ಪ್ರಥಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಣಿತ ಬೋಧಿಸುವ ನನಗೆ ಆ ವಾರಗಳನ್ನು ಹೇಗೆ ಕಳೆದರು ಎಂಬುದು ಅವರ ಉತ್ತರ ಪತ್ರಿಕೆಗಳಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ. ಆದ್ದರಿಂದ ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ಈ ಕುರಿತು ನಾಲ್ಕು ಮಾತು ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಹೆತ್ತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಮೊದಲ ಸೆಮಿಸ್ಟರ್‌ನ ಯಾವ ಪುಸ್ತಕವನ್ನು ಈಗಲೇ ತರಬೇಕು, ಯಾವ ತರಬೇತಿಗೆ ಸೇರಿಸಬೇಕು ಎಂಬುದು. ಮುಂದಿನ ಪಾಠವನ್ನು ಮೊದಲೇ ಓದಿಸಿಬಿಟ್ಟರೆ ಮಕ್ಕಳು ಹಿಂದೆ ಬೀಳುವುದಿಲ್ಲ ಎಂಬ ನಂಬಿಕೆ ಇದರ ಹಿಂದೆ ಇದೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧವಾಗಿದೆ. ಹೊಸ ಪಾಠವನ್ನು ಕಾಲೇಜು ಹೇಗೂ ಕಲಿಸುತ್ತದೆ. ಹಳೆಯದನ್ನು ಮತ್ತೆ ಕಲಿಸಲು ಅಲ್ಲಿ ಯಾರಿಗೂ ಸಮಯವಿರುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಎಡವುವವರಲ್ಲಿ ಹೆಚ್ಚಿನವರು ಸಮಾಕಲನದ (ಇಂಟಿಗ್ರೇಶನ್) ಹೊಸ ವಿಧಾನ ತಿಳಿಯದೆ ಎಡವುವುದಿಲ್ಲ. ವಿಧಾನವನ್ನು ಸರಿಯಾಗಿಯೇ ಹಿಡಿದು ಹೊರಟು, ಮೂರನೆಯ ಸಾಲಿನಲ್ಲಿ ಆವರಣ ಬಿಡಿಸುವಾಗ ಋಣ ಚಿಹ್ನೆಯನ್ನು ಕಳೆದುಕೊಳ್ಳುತ್ತಾರೆ, ಇಲ್ಲವೇ ಎರಡು ವರ್ಗಗಳ ಮೊತ್ತದ ವರ್ಗಮೂಲವನ್ನು ಬಿಡಿಬಿಡಿಯಾಗಿ ತೆಗೆದು ಕೂಡಿಸಿಬಿಡುತ್ತಾರೆ. ತಪ್ಪು ಇರುವುದು ಕೆಳಗಿನ ತರಗತಿಯ ಬೀಜಗಣಿತದಲ್ಲಿ. ಅಂಕ ಹೋಗುವುದು ಎಂಜಿನಿಯರಿಂಗ್ ಗಣಿತದಲ್ಲಿ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. 2 ಓಮ್ ಮತ್ತು 3 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು ಎಂದು ಕೇಳಿದಾಗ, ಒಟ್ಟು ರೋಧದ ವ್ಯುತ್ಕ್ರಮವು ಎರಡರಲ್ಲಿ ಒಂದು ಮತ್ತು ಮೂರರಲ್ಲಿ ಒಂದು ಇವುಗಳ ಮೊತ್ತಕ್ಕೆ ಸಮ ಎಂದು ಎಲ್ಲರೂ ಬರೆಯುತ್ತಾರೆ. ಮುಂದಿನ ಸಾಲಿನಲ್ಲಿ ಕೆಲವರು ಪ್ರತಿಯೊಂದು ಭಿನ್ನರಾಶಿಯನ್ನೂ ಬೇರೆಬೇರೆಯಾಗಿ ತಿರುಗಿಸಿ 5 ಓಮ್ ಎಂದು ಉತ್ತರ ಕೊಡುತ್ತಾರೆ. ಭಿನ್ನರಾಶಿಗಳನ್ನು ಮೊದಲು ಕೂಡಿಸಿ, ಆರರಲ್ಲಿ ಐದು ಎಂದು ಪಡೆದು, ಆಮೇಲೆ ತಿರುಗಿಸಿದರೆ 1.2 ಓಮ್ ಬರುತ್ತದೆ. ಇದನ್ನು ಪರಿಶೀಲಿಸಲು ಲೆಕ್ಕವನ್ನು ಮತ್ತೆ ಮಾಡಬೇಕಾಗಿಯೂ ಇಲ್ಲ. ವಿದ್ಯುತ್ ಹರಿಯಲು ಇನ್ನೊಂದು ದಾರಿಯನ್ನು ತೆರೆದಾಗ ಒಟ್ಟು ಅಡ್ಡಿ ಕಡಿಮೆಯಾಗಬೇಕೇ ಹೊರತು ಹೆಚ್ಚಾಗುವಂತಿಲ್ಲ. ಹಾಗಾಗಿ ಉತ್ತರ 2 ಓಮ್‌ಗಿಂತ ಕಡಿಮೆಯೇ ಇರಬೇಕು. ಬಂದ ಉತ್ತರವನ್ನು ಹೀಗೆ ಒಮ್ಮೆ ಪ್ರಶ್ನಿಸಿ ನೋಡುವ ಅಭ್ಯಾಸವನ್ನು ಬೆಳೆಸಿಕೊಂಡು ಬಂದ ವಿದ್ಯಾರ್ಥಿಗೆ ಮೊದಲ ಸೆಮಿಸ್ಟರ್ ಅರ್ಧ ಹಗುರವಾದಂತೆ.

ಇಳಿಜಾರಿನ ಮೇಲಿಟ್ಟ ಪೆಟ್ಟಿಗೆಯ ಲೆಕ್ಕವೂ ಇಂಥದ್ದೇ. ತೂಕವನ್ನು ಎರಡು ದಿಕ್ಕುಗಳಿಗೆ ಬಿಡಿಸುವಾಗ ಇಳಿಜಾರಿನ ಗುಂಟ ಇರುವ ಭಾಗಕ್ಕೆ ತ್ರಿಕೋನಮಿತಿಯ ಸೈನ್ ಬರುತ್ತದೆಯೋ ಕಾಸ್ ಬರುತ್ತದೆಯೋ ಎಂದು ಬಾಯಿಪಾಠ ಮಾಡಿಕೊಂಡವರು ಪರೀಕ್ಷೆಯಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಇಳಿಜಾರಿನ ಕೋನವನ್ನು ಸೊನ್ನೆ ಮಾಡಿ ನೋಡಿದರೆ ಸಾಕು. ನೆಲ ಸಮತಟ್ಟಾದಾಗ ಪೆಟ್ಟಿಗೆಯನ್ನು ಕೆಳಕ್ಕೆ ಜಾರಿಸುವ ಬಲ ಇರುವುದಿಲ್ಲ, ಸೊನ್ನೆಯ ಸೈನ್ ಸೊನ್ನೆ, ಆದ್ದರಿಂದ ಇಳಿಜಾರಿನ ಗುಂಟ ಸೈನ್. ಇದರ ಜೊತೆಗೆ, ಪೆಟ್ಟಿಗೆಯನ್ನು ಮಾತ್ರ ಬೇರ್ಪಡಿಸಿ ಬರೆದು ಅದರ ಮೇಲೆ ವರ್ತಿಸುವ ತೂಕ, ನೆಲದ ಪ್ರತಿಬಲ, ಘರ್ಷಣೆ ಎಲ್ಲವನ್ನೂ ಬಾಣಗಳಿಂದ ಗುರುತಿಸುವ ಫ್ರೀ ಬಾಡಿ ಡಯಾಗ್ರಾಂ ರಚಿಸುವುದು ರೂಢಿಯಾದರೆ ಮೆಕ್ಯಾನಿಕ್ಸ್ ಎಂಬ ವಿಷಯದ ಭಯ ಬಹುಮಟ್ಟಿಗೆ ಹೋಗುತ್ತದೆ. ಚಿತ್ರ ಬರೆಯದೆ ನೇರವಾಗಿ ಸಮೀಕರಣಕ್ಕೆ ಕೈಹಾಕುವವರೇ ಒಂದು ಬಲವನ್ನು ಮರೆಯುವುದು.

ತ್ರಿಕೋನಮಿತಿಯ ಮಾತು ಬಂದಾಗ, ಡಿಗ್ರಿಯಂತೆಯೇ ಕೋನವನ್ನು ಅಳೆಯುವ ಇನ್ನೊಂದು ಮಾನವಾದ ರೇಡಿಯನ್ ಬಗ್ಗೆಯೂ ಹೇಳಬೇಕು. ಸೈನ್‌ನ ಅವಕಲನ (ಡಿಫರೆನ್ಶಿಯೇಶನ್) ಕಾಸ್ ಎಂಬ ನಿಯಮ ಕೋನವನ್ನು ರೇಡಿಯನ್‌ನಲ್ಲಿ ಅಳೆದಾಗ ಮಾತ್ರ ನಿಜ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಸೈನ್ 30ಕ್ಕೆ 0.5 ಬರುತ್ತದೆ, ರೇಡಿಯನ್‌ನಲ್ಲಿದ್ದರೆ ಸುಮಾರು ಋಣ 0.988 ಬರುತ್ತದೆ. ಯಂತ್ರ ಎರಡನ್ನೂ ಒಂದೇ ಧೈರ್ಯದಿಂದ ತೋರಿಸುತ್ತದೆ. ಯಾವುದು ಬೇಕೆಂದು ತಿಳಿದಿರಬೇಕಾದವರು ನಾವು.

ಏಕಮಾನಗಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೀಟರ್, ಸೆಕೆಂಡ್, ನ್ಯೂಟನ್ ಎಂದು ಕೊನೆಯ ಸಾಲಿನಲ್ಲಷ್ಟೇ ಬರೆಯುವುದು ಸಾಲದು, ಲೆಕ್ಕದ ಪ್ರತಿ ಹೆಜ್ಜೆಯಲ್ಲೂ ಅವು ಜೊತೆಗಿರಬೇಕು. 1983ರ ಜುಲೈ 23ರಂದು ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೊರಟ ಏರ್ ಕೆನಡಾದ ಬೋಯಿಂಗ್ 767 ವಿಮಾನದ ಕಥೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಇಂಧನ ಮಾಪಕ ಕೆಲಸ ಮಾಡದ ಕಾರಣ ಸಿಬ್ಬಂದಿ ಕೈಯಿಂದಲೇ ಲೆಕ್ಕ ಹಾಕಿದರು. ಪ್ರಯಾಣಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಟ್ಯಾಂಕುಗಳಲ್ಲಿ 7,682 ಲೀಟರ್ ಇತ್ತು. ಇನ್ನೆಷ್ಟು ತುಂಬಬೇಕೆಂದು ತಿಳಿಯಲು, ಲೀಟರನ್ನು ತೂಕಕ್ಕೆ ಪರಿವರ್ತಿಸುವಾಗ ಅವರು 1.77ರಿಂದ ಗುಣಿಸಿದರು. ಆದರೆ ಅದು ಒಂದು ಲೀಟರ್ ಇಂಧನದ ತೂಕ ಎಷ್ಟು ಪೌಂಡ್ ಎಂದು ಹೇಳುವ ಸಂಖ್ಯೆ; ಕಿಲೋಗ್ರಾಂನಲ್ಲಿ ಅದು ಸುಮಾರು 0.8 ಮಾತ್ರ. ಹೀಗಾಗಿ ಬೇಕಾದುದರ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ಹೊರಟ ವಿಮಾನದ ಎರಡೂ ಎಂಜಿನ್‌ಗಳು ಆಕಾಶದಲ್ಲೇ ನಿಂತುಹೋದವು. ಪೈಲಟ್‌ಗಳು ಅದನ್ನು ಗಾಳಿಯಲ್ಲಿ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದ್ದರಿಂದ ಯಾರ ಪ್ರಾಣವೂ ಹೋಗಲಿಲ್ಲ. ಒಂದು ಲೀಟರ್ ನೀರೇ ಒಂದು ಕಿಲೋ ತೂಗುವಾಗ, ನೀರಿನ ಮೇಲೆ ತೇಲುವ ಇಂಧನ 1.77 ಕಿಲೋ ತೂಗಲು ಹೇಗೆ ಸಾಧ್ಯ ಎಂದು ಕೇಳಿದ ಮೇಲೆ ತರಗತಿಯಲ್ಲಿ ಏಕಮಾನದ ಮಹತ್ವವನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಈ ಅಭ್ಯಾಸವನ್ನು ಮಾಡುವ ಕ್ರಮವೂ ಮುಖ್ಯ. ಬಿಡಿಸಿದ ಲೆಕ್ಕವನ್ನು ಓದಿ ತಲೆಯಾಡಿಸುವುದು, ವಿಡಿಯೊ ನೋಡಿ ಅರ್ಥವಾಯಿತು ಎಂದುಕೊಳ್ಳುವುದು, ಇವೆರಡೂ ಕಲಿತೆವೆಂಬ ಸಮಾಧಾನವನ್ನು ಕೊಡುತ್ತವೆಯೇ ವಿನಾ ಕಲಿಕೆಯನ್ನಲ್ಲ. ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಾನೇ ಬರೆದಾಗ ಎಲ್ಲಿ ಸಿಕ್ಕಿಕೊಳ್ಳುತ್ತೇವೆಂಬುದು ಗೊತ್ತಾಗುತ್ತದೆ, ಮತ್ತು ಆ ಜಾಗವೇ ಅಂದಿನ ಪಾಠ. ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದರ ಬಹುಪಾಲು ಆರಂಭದಲ್ಲೇ ವೇಗವಾಗಿ ಮರೆತುಹೋಗುತ್ತದೆ, ಬಿಡುವು ಕೊಟ್ಟು ಮಾಡಿದ ಪುನರಾವರ್ತನೆ ಒಂದೇ ಸಲದ ಉರುಹೊಡೆತಕ್ಕಿಂತ ಮೇಲು ಎಂದು 1885ರಲ್ಲೇ ತೋರಿಸಿಕೊಟ್ಟಿದ್ದಾನೆ. ದಿನಕ್ಕೆ ಒಂದೆರಡು ಗಂಟೆ ಕೂತು, ಭಿನ್ನರಾಶಿ, ಘಾತ, ಲಾಗರಿದಮ್, ತ್ರಿಕೋನಮಿತಿ, ಅವಕಲನ, ಸರಳ ಸಮಾಕಲನ, ವೆಕ್ಟರ್‌ಗಳ ಲೆಕ್ಕಗಳನ್ನು ಕಲಸಿ ಮಾಡಿ, ಕೆಲವು ದಿನ ಬಿಟ್ಟು ಅವೇ ಲೆಕ್ಕಗಳಿಗೆ ಮರಳಿದರೆ ಕೈ ಪಳಗುತ್ತದೆ. ಉಳಿದ ಹೊತ್ತಿನಲ್ಲಿ ಅವರು ಆಡಲಿ, ಓಡಾಡಲಿ, ನಿದ್ದೆ ಮಾಡಲಿ. ಪ್ರವೇಶ ಪರೀಕ್ಷೆಗಳಿಂದ ದಣಿದ ಮಕ್ಕಳನ್ನು ಮತ್ತೆ ಬೆಳಗಿನಿಂದ ಸಂಜೆಯವರೆಗೆ ತರಬೇತಿಯಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ.

ಪ್ರೋಗ್ರಾಮಿಂಗ್ ಅನ್ನು ಈಗ ಬಹುತೇಕ ಎಲ್ಲ ಶಾಖೆಯವರೂ ಮೊದಲ ವರ್ಷದಲ್ಲೇ ಕಲಿಯುತ್ತಾರೆ, ಆ ಬಗ್ಗೆ ಹೆತ್ತವರ ಆತಂಕವೂ ಹೆಚ್ಚು. ಎಂದೂ ಕೋಡ್ ಬರೆಯದವರು ತಾವು ಹಿಂದುಳಿದವರೆಂದು ಅಂಜಬೇಕಾಗಿಲ್ಲ. ಕಾಲೇಜು ಯಾವ ಭಾಷೆ ಕಲಿಸುತ್ತದೆಂದು ವಿಚಾರಿಸಿಕೊಂಡು, ಆ ಒಂದೇ ಭಾಷೆಯಲ್ಲಿ ಹತ್ತಾರು ಸಾಲಿನ ಚಿಕ್ಕ ಪ್ರೋಗ್ರಾಮ್‌ಗಳನ್ನು ಸ್ವತಃ ಬರೆದು ಓಡಿಸಿದರೆ ಸದ್ಯಕ್ಕೆ ಸಾಕು. ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ ಪರಿವರ್ತಿಸುವ ಪ್ರೋಗ್ರಾಮನ್ನೇ ನೋಡಿ. ಸಿ ಭಾಷೆಯಲ್ಲಿ 9ನ್ನು 5ರಿಂದ ಭಾಗಿಸುವ ಹೆಜ್ಜೆಯನ್ನು ಆವರಣದೊಳಗೆ ಹಾಗೆಯೇ ಬರೆದರೆ, ಎರಡೂ ಪೂರ್ಣಾಂಕಗಳಾದ್ದರಿಂದ ಉತ್ತರ 1.8ರ ಬದಲು 1 ಆಗುತ್ತದೆ. 100 ಡಿಗ್ರಿ ಸೆಲ್ಸಿಯಸ್‌ಗೆ 212 ಬರಬೇಕಾದಲ್ಲಿ 132 ಬರುತ್ತದೆ. ಕಂಪ್ಯೂಟರ್ ಯಾವ ದೋಷವನ್ನೂ ತೋರಿಸುವುದಿಲ್ಲ. ನೀರು ಕುದಿಯುವ ತಾಪಮಾನ ಗೊತ್ತಿದ್ದವನು ಮಾತ್ರ ತಪ್ಪನ್ನು ಹಿಡಿಯುತ್ತಾನೆ. ಕೇಳಿದೊಡನೆ ಕೋಡ್ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಎಲ್ಲರ ಕೈಯಲ್ಲೂ ಇವೆ. ಅವುಗಳನ್ನು ಬಳಸಲೇಬಾರದೆಂದು ನಾನು ಹೇಳುವುದಿಲ್ಲ, ಆದರೆ ಕಲಿಯುವ ಹಂತದಲ್ಲಿ ಮೊದಲ ಪ್ರಯತ್ನ ವಿದ್ಯಾರ್ಥಿಯದೇ ಆಗಿರಬೇಕು.

ಲ್ಯಾಪ್‌ಟಾಪ್ ಕೊಳ್ಳುವ ಅವಸರ ಬೇಡ. ಯಾವ ಸಾಫ್ಟ್‌ವೇರ್ ಬಳಸಬೇಕೆಂದು ವಿಭಾಗದವರು ತಿಳಿಸಿದ ಮೇಲೆ ಕೊಂಡರೂ ಏನೂ ನಷ್ಟವಿಲ್ಲ. ಎಂಜಿನಿಯರಿಂಗ್ ಡ್ರಾಯಿಂಗ್‌ಗೆ ಬೇಕಾದದ್ದು ಒಂದು ಪೆನ್ಸಿಲ್ ಮತ್ತು ತಾಳ್ಮೆ. ಮನೆಯಲ್ಲಿರುವ ಯಾವುದಾದರೂ ವಸ್ತುವನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಮೂರು ಚಿತ್ರ ಬರೆಯುವ ರೂಢಿ ಮಾಡಿಕೊಂಡರೆ ಪ್ರೊಜೆಕ್ಷನ್ ಪಾಠದ ದಿನ ಕಣ್ಣು ಕತ್ತಲೆಗಟ್ಟುವುದಿಲ್ಲ. ಇನ್ನು, ಶಾಲೆಯಲ್ಲಿ ಮಾತೃಭಾಷೆಯಲ್ಲಿ ಓದಿ ಈಗ ಬೇರೆ ಭಾಷೆಯಲ್ಲಿ ಪಾಠ ಕೇಳಬೇಕಾದವರು, ತಮಗೆ ವಿಷಯವೇ ತಿಳಿಯದೆಂದು ಭಾವಿಸಿ ಕುಗ್ಗುವುದನ್ನು ಕಂಡು ನನಗೆ ನೋವಾಗುತ್ತದೆ. ಅವರಿಗೆ ತಿಳಿಯದಿರುವುದು ಪಾರಿಭಾಷಿಕ ಪದಗಳು ಮಾತ್ರ. ಹಳೆಯ ಪುಸ್ತಕದ ಅಧ್ಯಾಯಗಳನ್ನೇ ಹೊಸ ಭಾಷೆಯ ಪಠ್ಯದಲ್ಲಿ ಮತ್ತೊಮ್ಮೆ ಓದಿ ಪದಗಳನ್ನು ಬರೆದಿಟ್ಟುಕೊಂಡರೆ ಆ ತೊಡಕು ಮೊದಲ ಕಿರುಪರೀಕ್ಷೆಯ ಹೊತ್ತಿಗೆ ಬಹಳ ಕಡಿಮೆಯಾಗಿರುತ್ತದೆ.

ಸೆಮಿಸ್ಟರ್ ಪದ್ಧತಿಯ ಓಟಕ್ಕೂ ಮನಸ್ಸು ಸಿದ್ಧವಾಗಿರಬೇಕು. ಶಾಲೆಯಲ್ಲಿ ಇಡೀ ವರ್ಷದ ಕೊನೆಗೆ ಬರುತ್ತಿದ್ದ ಪರೀಕ್ಷೆ ಇಲ್ಲಿ ಕೆಲವೇ ತಿಂಗಳಲ್ಲಿ ಬರುತ್ತದೆ, ನಡುವೆ ಕಿರುಪರೀಕ್ಷೆ, ಪ್ರಯೋಗಾಲಯದ ವರದಿ, ಅಸೈನ್‌ಮೆಂಟ್ ಎಲ್ಲವೂ ಇರುತ್ತವೆ. ಗಣಿತದಲ್ಲಿ ಒಂದು ವಾರ ಬಿಟ್ಟರೆ ಮುಂದಿನ ವಾರದ್ದು ಅರ್ಥವಾಗುವುದಿಲ್ಲ. ಅರ್ಥವಾಗದ್ದನ್ನು ಆ ವಾರವೇ ಅಧ್ಯಾಪಕರ ಬಳಿ ಬಂದು ಕೇಳುವ ಸಂಕೋಚವನ್ನು ವಿದ್ಯಾರ್ಥಿಗಳು ಬಿಡಬೇಕು. ಕೇಳಲು ಬಂದವರನ್ನು ಇಷ್ಟೂ ಗೊತ್ತಿಲ್ಲವೇ ಎಂದು ಹಂಗಿಸುವ ಚಾಳಿಯನ್ನು ನಮ್ಮಂಥ ಅಧ್ಯಾಪಕರೂ ಬಿಡಬೇಕು. ಹೆತ್ತವರು ಮೊದಲ ಕಿರುಪರೀಕ್ಷೆಯ ಅಂಕವನ್ನು ಹಿಂದಿನ ತರಗತಿಯ ಅಂಕದ ಜೊತೆ ತೂಗಿ ನೋಡದಿದ್ದರೆ ಅದೇ ದೊಡ್ಡ ಉಪಕಾರ.

ಕಾಲೇಜುಗಳಿಗೂ ನನ್ನದೊಂದು ವಿನಂತಿ ಇದೆ. ಪ್ರವೇಶ ಪತ್ರದ ಜೊತೆ ಶುಲ್ಕದ ವಿವರ, ಸಮವಸ್ತ್ರದ ವಿವರ ಕಳಿಸುವಂತೆಯೇ, ಮೊದಲ ದಿನದ ಹೊತ್ತಿಗೆ ವಿದ್ಯಾರ್ಥಿ ಯಾವ ಯಾವ ಲೆಕ್ಕಗಳನ್ನು ಸಲೀಸಾಗಿ ಮಾಡಬಲ್ಲವನಾಗಿರಬೇಕು ಎಂಬುದನ್ನು ತೋರಿಸುವ ಒಂದೆರಡು ಪುಟಗಳ ಪ್ರಶ್ನೆಗಳನ್ನೂ ಉತ್ತರಗಳ ಸಹಿತ ಕಳಿಸಿಕೊಡಬಹುದು. ಇದಕ್ಕೆ ಖರ್ಚಿಲ್ಲ, ಒಬ್ಬ ಅಧ್ಯಾಪಕರ ಒಂದು ಸಂಜೆಯ ಕೆಲಸವಷ್ಟೆ. ತರಗತಿ ಶುರುವಾದ ಮೊದಲ ವಾರದಲ್ಲಿ ಅಂಕಗಳಿಗೆ ಸೇರದ ಒಂದು ಸಣ್ಣ ಪರೀಕ್ಷೆಯನ್ನು ಅದೇ ಪ್ರಶ್ನೆಗಳ ಮೇಲೆ ನಡೆಸಿದರೆ ಯಾರಿಗೆ ಎಲ್ಲಿ ನೆರವು ಬೇಕೆಂಬುದು ಸೆಮಿಸ್ಟರ್ ಕೈಮೀರುವ ಮೊದಲೇ ತಿಳಿಯುತ್ತದೆ. ತಮ್ಮ ಪತ್ರಿಕೆಯ ಶಿಕ್ಷಣ ಪುರವಣಿಯಲ್ಲಿಯೂ ಪ್ರವೇಶದ ಮಾಹಿತಿಯ ಪಕ್ಕದಲ್ಲಿ ವಾರಕ್ಕೊಮ್ಮೆ ಇಂತಹ ಐದಾರು ಲೆಕ್ಕಗಳಿಗೆ ಸ್ಥಳ ಒದಗಿಸಬೇಕೆಂದು ಕೋರುತ್ತೇನೆ. ಪ್ರಶ್ನೆಗಳನ್ನೂ ಅವುಗಳ ವಿವರವಾದ ಉತ್ತರಗಳನ್ನೂ ಸಿದ್ಧಪಡಿಸಿಕೊಡಲು ನಾನು ತಯಾರಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ರಥಮ ವರ್ಷದ ಎಂಜಿನಿಯರಿಂಗ್ ಗಣಿತದ ಅಧ್ಯಾಪಕ