ಹಣ್ಣು ಹಂಚಿದ ಮರುದಿನ ಅಲ್ಲಿ ಯಾರಿರುತ್ತಾರೆ?

ಮಾನ್ಯ ಸಂಪಾದಕರೇ,

ಮಹಿಳಾ ಸಂಘಗಳ ಸೇವಾಕಾರ್ಯದ ಫೋಟೋ ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಿರುತ್ತದೆ. ಆಸ್ಪತ್ರೆಯಲ್ಲಿ ಹಣ್ಣು, ಬ್ರೆಡ್ಡು. ಶಾಲೆಯಲ್ಲಿ ನೋಟ್‌ಬುಕ್ಕು. ಹಿಂದೆ ದೊಡ್ಡ ಬ್ಯಾನರು. ಕೊಡುವುದು ತಪ್ಪೇನಲ್ಲ. ಆದರೆ ಹಳ್ಳಿಯ ಉಪಕೇಂದ್ರದಲ್ಲಿ ಮಕ್ಕಳ ತೂಕ ನೋಡಿ, ತಾಯಿ ಕಾರ್ಡ್ ತುಂಬಿಸಿ ನಿವೃತ್ತಳಾದ ನನಗೆ, ಮರುದಿನ ಅಲ್ಲಿ ಯಾರಿರುತ್ತಾರೆ ಎಂಬುದೇ ಮುಖ್ಯ. ಈ ವಿಷಯದಲ್ಲಿ ‘ಹದಾಸಾ’ ಎಂಬ ಯಹೂದಿ ಹೆಂಗಸರ ಸಂಘಟನೆಯ ಕಥೆಯನ್ನು ನಮ್ಮ ಸಂಘಗಳು ಒಮ್ಮೆ ಓದಬೇಕು.

ಅದನ್ನು ಕಟ್ಟಿದವರು ಅಮೆರಿಕದ ಬಾಲ್ಟಿಮೋರ್‌ನ ಹೆನ್ರಿಯೆಟ್ಟಾ ಝೋಲ್ಡ್. ರಷ್ಯಾದಿಂದ ಜೀವ ಉಳಿಸಿಕೊಂಡು ಬಂದ ಯಹೂದಿಗಳಿಗೆ ಇಂಗ್ಲಿಷ್ ಕಲಿಸಲು 1889ರಲ್ಲೇ ರಾತ್ರಿ ಶಾಲೆ ತೆರೆದಾಕೆ. 1909ರಲ್ಲಿ ತಾಯಿಯ ಜೊತೆ ಪ್ಯಾಲೆಸ್ಟೀನ್‌ಗೆ ಹೋದರು. ಆಗ ಅಲ್ಲಿ ತುರ್ಕರ ಆಳ್ವಿಕೆ. ಎಲ್ಲಿ ನೋಡಿದರೂ ಟ್ರಕೋಮಾ ಎಂಬ ಕುರುಡು ತರಬಲ್ಲ ಅಂಟು ಕಣ್ಣುರೋಗ ಹಿಡಿದ ಮಕ್ಕಳು, ಕಣ್ಣಿನ ಸುತ್ತ ನೊಣ. ಯಾಫಾ ಊರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮಾತ್ರ ಕಣ್ಣುಗಳು ಚೆನ್ನಾಗಿದ್ದವು. ಯಾಕೆಂದರೆ ಅಲ್ಲಿಗೆ ಡಾಕ್ಟರು, ನರ್ಸು ತಪ್ಪದೆ ಬರುತ್ತಿದ್ದರು. ನಿನ್ನ ಗೆಳತಿಯರ ಗುಂಪು ಮಾಡಬೇಕಾದ ಕೆಲಸ ಇದೇ ಅಂತ ತಾಯಿ ಹೇಳಿದರಂತೆ.

1912ರಲ್ಲಿ ನ್ಯೂಯಾರ್ಕಿನಲ್ಲಿ ಸಂಘಟನೆ ಶುರುವಾಯಿತು. ಮರುವರ್ಷ ಈ ಹೆಂಗಸರು ಜೆರುಸಲೇಮಿಗೆ ಕಳಿಸಿದ್ದು ಬಟ್ಟೆಬರೆಯ ಗಂಟನ್ನಲ್ಲ, ತರಬೇತಿ ಪಡೆದ ಇಬ್ಬರು ನರ್ಸ್‌ಗಳನ್ನು. ರೋಸ್ ಕಪ್ಲಾನ್, ರೇಚಲ್ ಲ್ಯಾಂಡಿ. ಬಡವರ ಕೇರಿಯಲ್ಲಿ ಬಾಡಿಗೆ ಮನೆ ಹಿಡಿದು ಬಾಣಂತಿಯರನ್ನು, ಶಾಲಾ ಮಕ್ಕಳ ಕಣ್ಣನ್ನು ನೋಡಿದರು. ಮೊದಲ ಮಹಾಯುದ್ಧದ ನಡುವೆ ಇಬ್ಬರೂ ಊರು ಬಿಟ್ಟರು. 1918ರಲ್ಲಿ ಡಾಕ್ಟರು, ನರ್ಸ್‌ಗಳ ದೊಡ್ಡ ತಂಡವೇ ಹೋಯಿತು. ಅದೇ ವರ್ಷ ಅಲ್ಲೊಂದು ನರ್ಸಿಂಗ್ ಶಾಲೆ ತೆರೆದರು. ಎಷ್ಟು ದಿನ ಅಂತ ಅಮೆರಿಕದಿಂದ ಜನ ಕಳಿಸುತ್ತಿರುವುದು, ಅಲ್ವಾ? ಅಲ್ಲಿನ ಹುಡುಗಿಯರೇ ಕಲಿತರು.

ನನಗೆ ಜಾಸ್ತಿ ಹಿಡಿಸಿದ್ದು ಹಾಲಿನ ಕೆಲಸ. ಬರ್ತಾ ಲ್ಯಾಂಡ್ಸ್‌ಮನ್ ಎಂಬ ಹದಾಸಾ ನರ್ಸ್ 1921ರಲ್ಲಿ ಜೆರುಸಲೇಮಿನ ಹಳೇ ಪೇಟೆಯಲ್ಲಿ ತಾಯಿ–ಮಗುವಿನ ಕೇಂದ್ರ ತೆರೆದರು. ಎದೆಹಾಲು ಸಾಲದ ಕೂಸುಗಳಿಗೆ ಪಾಶ್ಚರೀಕರಿಸಿದ ಹಾಲು ಬೇಕಿತ್ತು. ಆ ಗಲ್ಲಿಗಳಲ್ಲಿ ಗಾಡಿ ಹೋಗದು. ಬಾಟಲಿಗಳನ್ನು ಕತ್ತೆಯ ಮೇಲೆ ಹೇರಿ ಮನೆಮನೆಗೆ ತಲುಪಿಸಿದರು. ಹಾಲಿನ ನೆಪದಲ್ಲಿ ಕೂಸಿನ ತೂಕ, ತಾಯಿಗೆ ನಾಲ್ಕು ಮಾತು. ನಾವು ಉಪಕೇಂದ್ರದಲ್ಲಿ ಮಾಡಿದ್ದೂ ಇದನ್ನೇ, ಕತ್ತೆಯೊಂದು ಇರಲಿಲ್ಲ ಅಷ್ಟೇ! ‘ಟಿಪಾತ್ ಹಲಾವ್’, ಅಂದರೆ ಹಾಲಿನ ಹನಿ, ಎಂಬ ಈ ಕೇಂದ್ರಗಳು ಇಂದಿಗೂ ಇಸ್ರೇಲಿನಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿವೆ. ಈಗ ಹೆಚ್ಚಿನವನ್ನು ನಡೆಸುವುದು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು. ಟೆಲ್ ಅವೀವ್‌ನ ಆಸ್ಪತ್ರೆಯನ್ನೂ ಹದಾಸಾ 1931ರಲ್ಲಿ ಪುರಸಭೆಗೆ ಒಪ್ಪಿಸಿತು. ಕಟ್ಟಿ, ನಡೆಸಿ, ಬಿಟ್ಟುಕೊಡುವುದು. ನಮ್ಮಲ್ಲಿ ಬಸ್ ತಂಗುದಾಣದ ಬೆಂಚಿನ ಮೇಲೂ ದಾನಿಯ ಹೆಸರು ಬೇಕು.

ಹದಾಸಾ ಯಹೂದಿ ರಾಷ್ಟ್ರದ ಪರ ನಿಂತ ಸಂಘಟನೆ ಎಂಬುದು ನನಗೆ ಗೊತ್ತು. ಆ ರಾಜಕೀಯದಲ್ಲಿ ಅಲ್ಲಿನ ಅರಬರು ಕಳೆದುಕೊಂಡಿದ್ದೂ ಸಣ್ಣದಲ್ಲ. ಅದನ್ನೆಲ್ಲ ಒಪ್ಪಿ ಎಂದು ನಾನು ಹೇಳುತ್ತಿಲ್ಲ. ಕೆಲಸದ ರೀತಿಯನ್ನಷ್ಟೇ ನೋಡಿ ಎನ್ನುತ್ತಿದ್ದೇನೆ.

ನಮ್ಮ ತಾಲ್ಲೂಕಿನ ಸಂಘಗಳು ವಾರ್ಷಿಕೋತ್ಸವದ ಶಾಮಿಯಾನ, ಹಾರ, ಶಾಲಿಗೆ ಹಾಕುವ ಹಣವನ್ನು ಒಟ್ಟುಗೂಡಿಸಲಿ. ಒಬ್ಬ ನರ್ಸ್‌ಗೋ, ಸಂಜೆ ಪಾಠ ಹೇಳುವ ಟೀಚರ್‌ಗೋ ಎರಡು ವರ್ಷ ಸಂಬಳ ಕೊಡಲಿ. ನಿಮ್ಮಲ್ಲೂ ಒಂದು ಕೋರಿಕೆ. ಉದ್ಘಾಟನೆಯ ಫೋಟೋ ಬೇಕಿದ್ದರೆ ಸಣ್ಣದಾಗಿ ಹಾಕಿ. ಎರಡು ವರ್ಷ ಕಳೆದ ಮೇಲೆ ನಿಮ್ಮ ವರದಿಗಾರರನ್ನು ಅದೇ ಜಾಗಕ್ಕೆ ಮತ್ತೆ ಕಳಿಸಿ.

– ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ, ತಿಪಟೂರು